ಕಾಲುಚೀಲದ ಮೆಣಸಿನಕಾಯಿ

ಡಿಸೆಂಬರ್ 20

ಚಿಜುರು ಈ ವರ್ಷ ಅಂಗಡಿಯ ಒಂದಿಡೀ ಗೋಡೆಗೆ ಕಾಲುಚೀಲ ನೇತುಹಾಕಿದ್ದಾಳೆ. ನನ್ನ ಮೈದುನ ಕುನಿಯೊನ ಹೆಂಡತಿ, ಟೋಕಿಯೊದವಳು. ಮೆರಿನೋ ಕುರಿಯ ಉಣ್ಣೆಯದು, ರೇಷ್ಮೆ ಬೆರೆಸಿದ್ದು, ನೈಲಾನಿನದು, ಬಿದಿರು ನಾರಿನದು, ಕಡೆಗೆ ಕಾಗದದ ನೂಲಿನದೂ ಇದೆ. ಬಾಗಿಲಿನ ಚೌಕಟ್ಟಿಗೆ ಅಂಟಿಸಬೇಕಾದ ಕಾಗದವನ್ನು ಕಾಲಿಗೆ ಹಾಕಿಕೊಳ್ಳಬೇಕಂತೆ. ಕೆಲವು ಜೊತೆಗಳ ಮೇಲೆ ಎಡ, ಬಲ ಎಂದು ಬರೆದಿದೆ. ತಮ್ಮ ಎಡಗಾಲು ಯಾವುದೆಂದು ಕಾಲುಚೀಲ ನೋಡಿ ತಿಳಿದುಕೊಳ್ಳುವವರು ಬೆಟ್ಟದ ಮೇಲಿಂದ ಹೇಗೆ ಇಳಿಯುತ್ತಾರೋ!

ಎಲ್ಲವೂ ತೆಳ್ಳಗೆ. ಬೆಳಕಿಗೆ ಹಿಡಿದರೆ ಆಚೆಯದು ಕಾಣುತ್ತದೆ. ಊರಿಗೆ ಸ್ಕೀ ಆಡಲು ಬರುವ ಪಟ್ಟಣದವರು ಗೋಡೆಯ ಮುಂದೆ ನಿಂತು ದೇವಸ್ಥಾನದಲ್ಲಿ ನಿಂತಂತೆ ತಲೆಯೆತ್ತಿ ನೋಡುತ್ತಾರೆ. ಯಾವ ನೂಲು ಒಳ್ಳೆಯದು ಎಂದು ಒಬ್ಬರನ್ನೊಬ್ಬರು ಪಿಸುಮಾತಿನಲ್ಲಿ ಕೇಳುತ್ತಾರೆ.

ನನ್ನನ್ನು ಯಾರೂ ಕೇಳುವುದಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಒಳಗೆ ಹತ್ತಿಯದು, ಮೇಲೆ ದಪ್ಪ ಉಣ್ಣೆಯದು, ಬೆರಳ ತುದಿಯಲ್ಲಿ ಸಣ್ಣ ಬಟ್ಟೆಯ ಚೀಲದೊಳಗೆ ಒಂದು ಒಣಮೆಣಸಿನಕಾಯಿ. ಅತ್ತೆ ನನಗೆ ಕಲಿಸಿದ್ದು ಇದು. ಮೆಣಸಿನಕಾಯಿಯ ಖಾರ ಬೆರಳನ್ನು ಬೆಚ್ಚಗಿಡುತ್ತದೆ. ಮದುವೆಯಾದ ಮರುದಿನದಿಂದ ಪ್ರತಿ ಚಳಿಗಾಲ, ಪ್ರತಿ ಬೆಳಿಗ್ಗೆ, ನಮ್ಮ ಮನೆಯವರ ಕಾಲುಚೀಲಗಳನ್ನು ಒಲೆಯ ಹತ್ತಿರ ಬಿಸಿ ಮಾಡಿ, ಹೊಸ ಮೆಣಸಿನಕಾಯಿ ತುಂಬಿ ಕೊಡುತ್ತಿದ್ದೆ. ಅದನ್ನು ಹಾಕಿಕೊಂಡು, ಮೇಲೆ ರಬ್ಬರ್ ಬೂಟು ತೊಟ್ಟು, ಬೆಟ್ಟದ ಮೇಲಿನ ಕಾವಲು ಗುಡಿಸಲಿಗೆ ಹೋಗುತ್ತಿದ್ದರು. ಸ್ಕೀ ಬೂಟು ಅಲ್ಲೇ ಇರುತ್ತಿತ್ತು. ಇಳಿಜಾರುಗಳನ್ನು ನೋಡಿಕೊಳ್ಳುವುದು, ಬಿದ್ದವರನ್ನು ಜಾರುಗಾಡಿಯಲ್ಲಿ ಕೆಳಗೆ ತರುವುದು ಅವರ ಕೆಲಸ.

ಆ ಕಾಲುಗಳಿಗೆ ಒಂದು ದಿನವೂ ಶೀತ ಹಿಡಿಯಲಿಲ್ಲ. ಅವರು ಹೋದದ್ದು ಕಾಲಿನಿಂದಲ್ಲ. ಅಕ್ಟೋಬರ್‌ನಲ್ಲಿ ಮೂಲಂಗಿ ಕೀಳುತ್ತಿದ್ದಾಗ, ಎದೆ ಹಿಡಿದುಕೊಂಡು.

ಡಿಸೆಂಬರ್ 27

ಕುನಿಯೊ ಬಂದಿದ್ದ. ಬುದ್ಧಪೀಠದ ಮುಂದೆ ಗಂಟೆ ಬಾರಿಸಿ, ಅಣ್ಣನ ಫೋಟೋಗೆ ಕೈಮುಗಿದು, ಕಂಬಳಿ ಹೊದಿಸಿದ ಬಿಸಿಮೇಜಿನ ಕೆಳಗೆ ಕಾಲು ಚಾಚಿ ಕೂತ. ಈಗ ಊರಿನ ಸ್ಕೀ ಸಂಘಕ್ಕೆ ಅವನೇ ಅಧ್ಯಕ್ಷ. ಅಧ್ಯಕ್ಷನಾದ ಮೇಲೆ ಕೆಮ್ಮುವುದು ಜಾಸ್ತಿಯಾಗಿದೆ.

"ಅತ್ತಿಗೆ, ಫೆಬ್ರವರಿಯ ಪಂಜಿನ ವಿಷಯ."

ನನಗೆ ಗೊತ್ತಿತ್ತು. ಫೆಬ್ರವರಿ ನಡುವಿಗೆ ಊರವರೆಲ್ಲ ಮುಸ್ಸಂಜೆಯಲ್ಲಿ ಪಂಜು ಹಿಡಿದು ಮೇಲಿಂದ ಸಾಲಾಗಿ ಇಳಿಯುತ್ತಾರೆ. ಬೆಟ್ಟಕ್ಕೆ ತಂತಿಯ ಮೇಲೆ ಕುರ್ಚಿ ಓಡುವ ಲಿಫ್ಟ್ ಬಂದ ಕಾಲದಿಂದ ಮೊದಲ ಪಂಜು ನಮ್ಮ ಮನೆಯದು. ಪಂಜು ಹಿಡಿಯುವವನು ತೀರಿಕೊಂಡರೆ, ಆ ಚಳಿಗಾಲ ಅವನ ಮನೆಯವರೊಬ್ಬರು ಅವನಿಗಾಗಿ ಒಮ್ಮೆ ಹಿಡಿದು ಇಳಿಯಬೇಕು. ಕೆಳಗೆ ಬಂದು ಪಂಜನ್ನು ಹಿಮದಲ್ಲಿ ಊರಿ ಆರಿಸಿ ಅವನ ಹೆಸರು ಹೇಳಬೇಕು. ಆಮೇಲೆ ಅದು ಬೇರೆ ಮನೆಗೆ. ಇಳಿಯುವವರು ಯಾರೂ ಇಲ್ಲದಿದ್ದರೆ ಹೆಸರೂ ಇಲ್ಲ, ಏನೂ ಇಲ್ಲ. ಮಗಳು ಸೆಂಡೈನಲ್ಲಿದ್ದಾಳೆ, ಅವಳಿಗೆ ಹಿಮ ಕಂಡರೆ ಆಗುವುದಿಲ್ಲ.

"ನಾನು ಹಿಡೀತೀನಿ ಬಿಡಿ," ಎಂದ ಕುನಿಯೊ. "ನಿಮಗ್ಯಾಕೆ ಕಷ್ಟ."

"ನೀನು ಬೇರೆ ಮನೆ ಮಾಡಿಕೊಂಡು ಎಷ್ಟು ವರ್ಷ ಆಯ್ತು?"

"ಅತ್ತಿಗೆ, ನಿಮಗೆ ಅರವತ್ತೆಂಟು."

"ಶಾಲೆಗೇ ಸ್ಕೀ ಹಾಕ್ಕೊಂಡು ಹೋದವಳು ನಾನು. ನೀನು ಆಗ ಅಮ್ಮನ ಬೆನ್ನ ಮೇಲೆ ಉಚ್ಚೆ ಹೊಯ್ತಿದ್ದೆ."

ಕೆಮ್ಮಿದ. ಮೂರು ಬಾರಿ ಅಭ್ಯಾಸಕ್ಕೆ ಬರಬೇಕು, ಹಿಂದೆ ಅರವತ್ತು ಜನ ಬೆಂಕಿ ಹಿಡಿದು ಬರುತ್ತಾರೆ, ಮುಂದಿನವರು ತಪ್ಪಿದರೆ ಎಲ್ಲರೂ ತಪ್ಪುತ್ತಾರೆ, ಆಗದಿದ್ದರೆ ಪಂಜು ಬಿಟ್ಟುಕೊಡಬೇಕು ಎಂದ. ಒಪ್ಪಿದೆ. ಹೊರಡುವಾಗ, "ಚಿಜುರು ಹತ್ರ ಒಂದ್ ಜೊತೆ ಒಳ್ಳೆ ಕಾಲುಚೀಲ ತಗೊಳ್ಳಿ" ಎಂದ. ವ್ಯಾಪಾರ!

ಜನವರಿ 2

ಸೂತಕದ ಮನೆ. ಹೊಸವರ್ಷದ ಕಾರ್ಡಿಲ್ಲ, ಬಾಗಿಲಿಗೆ ಪೈನ್ ಟೊಂಗೆಯ ಅಲಂಕಾರವಿಲ್ಲ. ಅಕ್ಕಿ ಹಿಟ್ಟಿನ ಕಡುಬನ್ನು ಒಬ್ಬಳೇ ತಿಂದೆ. ಪಕ್ಕದ ಮನೆಯವರು ಶುಭಾಶಯ ಅರ್ಧ ಹೇಳಿ, ಹೇಳಬಾರದೆಂದು ನೆನಪಾಗಿ ನಿಲ್ಲಿಸಿದರು. ಅಷ್ಟೂ ತಿಳಿಯದ ಜನ.

ಜನವರಿ 9

ಮೊದಲ ಅಭ್ಯಾಸ. ಹತ್ತಿ, ಮೇಲೆ ಉಣ್ಣೆ, ಮೆಣಸಿನಕಾಯಿ. ಬೂಟಿನ ಕೊಂಡಿ ಹಾಕಲು ಸ್ವಲ್ಪ ಹೆಣಗಾಡಬೇಕಾಯಿತು. ಈಗಿನ ಬೂಟುಗಳನ್ನು ಕೊಕ್ಕರೆ ಕಾಲಿಗೆ ಅಳತೆ ಮಾಡಿ ತಯಾರಿಸುತ್ತಾರೆ ಎಂದು ಕಾಣುತ್ತದೆ.

ಮೇಲೆ ಗಾಳಿ ಇತ್ತು. ಲಿಫ್ಟಿನಲ್ಲೇ ಬೆರಳುಗಳು ಸತ್ತವು. ಇಳಿಯುವಾಗ ಎಡ ತಿರುವಿನಲ್ಲಿ ಕಾಲಡಿಯಲ್ಲಿ ಏನಿದೆ ಎಂದು ತಿಳಿಯಲೇ ಇಲ್ಲ. ಕಟ್ಟಿಗೆಯ ಮೇಲೆ ನಿಂತ ಹಾಗೆ. ಬೀಳಲಿಲ್ಲ. ಮೊರಿಯಾ ನೋಡುತ್ತಿದ್ದ. ಅವರ ಕೆಳಗೆ ಕೆಲಸ ಕಲಿತವನು, ಈಗ ಕಾವಲಿನ ಮುಖ್ಯಸ್ಥ.

"ಹೇಗಿದೆ ಅತ್ತಿಗೆ, ಕಾಲು ಬೆಚ್ಚಗಿದ್ಯಾ?"

"ಒಲೆ ಇದ್ದ ಹಾಗಿದೆ" ಎಂದೆ.

ಹಿಂದೆಲ್ಲ ಮಾರ್ಚ್ ಕೊನೆಗೆ, ಬಿಸಿಲು ಬಂದ ಮೇಲೆ ಅವರ ಜೊತೆ ಒಂದೆರಡು ಸಲ ಇಳಿಯುತ್ತಿದ್ದೆ, ಅಷ್ಟೆ. ನಡುಚಳಿಗಾಲದಲ್ಲಿ ನಾನು ಕ್ಯಾಂಟೀನಿನ ಅಡುಗೆಮನೆಯಲ್ಲಿರುತ್ತಿದ್ದೆ. ಅಭ್ಯಾಸ ತಪ್ಪಿದೆ. ಕಾಲುಚೀಲದ ತಪ್ಪೇನೂ ಇಲ್ಲ.

ಜನವರಿ 12

ಚಿಜುರು ಬಂದಳು. ಬಾಗಿಲಲ್ಲಿ ಹಿಮ ಕೊಡವಿಕೊಳ್ಳದೆ ಒಳಗೆ ಬರುವುದು ಅವಳ ಪದ್ಧತಿ. ಚೀಲದಿಂದ ಬೂದು ಬಣ್ಣದ ಒಂದು ಜೊತೆ ತೆಗೆದಳು. ಉದ್ದದ್ದು, ಮೊಣಕಾಲವರೆಗೆ, ಈರುಳ್ಳಿ ಸಿಪ್ಪೆಯಷ್ಟು ತೆಳು.

"ಅಕ್ಕಾ, ಬೈಬೇಡಿ. ಒಂದ್ಸಲ ಹಾಕಿ ನೋಡಿ. ಮೆರಿನೋ ಉಣ್ಣೆಗೆ ಸ್ವಲ್ಪ ನೈಲಾನ್ ಸೇರಿಸಿದ್ದು. ಒಂದೇ ಒಂದು ಜೊತೆ ಸಾಕು."

"ಇದನ್ನ ಹಾಕ್ಕೊಂಡ್ರೆ ಸತ್ತವರ ಜೊತೆ ಬೇಗ ಸೇರಬಹುದು."

"ಹತ್ತಿ ಬೆವರು ಹಿಡ್ಕೊಳ್ಳುತ್ತೆ ಅಕ್ಕಾ, ಬಿಡೋದೇ ಇಲ್ಲ. ಒದ್ದೆ ಬಟ್ಟೆ ಸುತ್ಕೊಂಡು ನಿಂತ ಹಾಗೆ. ಎರಡು ಹಾಕಿದ್ರೆ ಬೂಟೊಳಗೆ ಜಾಗ ಇರಲ್ಲ, ಸುಕ್ಕು ಬೀಳುತ್ತೆ, ರಕ್ತ ಓಡಲ್ಲ. ದಪ್ಪ ಆದಷ್ಟೂ ತಣ್ಣಗೆ."

ದಪ್ಪ ಆದಷ್ಟೂ ತಣ್ಣಗೆ! ಹಾಗಾದರೆ ಚಳಿಗೆ ಬೀಸಣಿಗೆ ಹೊದ್ದು ಮಲಗೋಣ. ಟೋಕಿಯೊದಲ್ಲಿ ಹಿಮ ಬಿದ್ದರೆ ರೈಲು ನಿಲ್ಲುತ್ತದೆ. ಅಲ್ಲಿಂದ ಬಂದವಳು ನನಗೆ ಪಾಠ ಹೇಳುತ್ತಾಳೆ.

ಆಗ ನಾನು ಅವಳ ಬಾಯಿ ಮುಚ್ಚಿಸುವ ಮಾತು ಹೇಳಿದೆ. "ನೋಡು ಚಿಜುರು, ನಿನ್ನ ಭಾವ ದಿನವಿಡೀ ಆ ಬೆಟ್ಟದ ಮೇಲೆ ಓಡಾಡಿ ಸಂಜೆ ಮನೆಗೆ ಬಂದರೆ, ಕಾಲುಚೀಲ ಬಿಸಿಲಿಗೆ ಹಾಕಿ ತೆಗೆದ ಹಾಗೆ ಒಣಗಿರ್ತಿತ್ತು. ಮೊದಮೊದಲು ಒದ್ದೆ ಆಗ್ತಿತ್ತು, ಸುಳ್ಳು ಹೇಳಲ್ಲ. ಒಂದು ವರ್ಷ ನಾನು ಮೆಣಸಿನಕಾಯಿ ಜಾತಿ ಬದಲಾಯಿಸಿದೆ. ಗಿಡುಗನ ಉಗುರು ಅಂತಾರಲ್ಲ, ಸಣ್ಣದು, ಅದನ್ನ ಹಿತ್ತಲಲ್ಲಿ ಬೆಳೆದೆ. ನೀನು ಅಂಗಡಿ ತೆರೆದೆಯಲ್ಲ, ಅದೇ ವರ್ಷ. ಅವತ್ತಿಂದ ಒಂದು ದಿನಾನೂ ಒದ್ದೆ ಬಂದಿಲ್ಲ. ನಿನ್ನ ಕುರಿ ಹಾಗೆ ಮಾಡುತ್ತಾ?"

ಚಿಜುರು ಫೋಟೋದ ಕಡೆ ಒಮ್ಮೆ ನೋಡಿದಳು. "ಇಲ್ಲ ಅಕ್ಕಾ" ಎಂದು ಆ ಜೊತೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಸೋತವರು ಹಾಗೇ ಹೋಗುವುದು.

ಅವಳು ತಂದಿದ್ದ ಕಿತ್ತಳೆ ಹಣ್ಣು ಹುಳಿ.

ಜನವರಿ 19

ಎರಡನೆಯ ಅಭ್ಯಾಸ. ಎಡ ತಿರುವಿನಲ್ಲಿ ಬಿದ್ದೆ. ಹಿಂದೆ ಬರುತ್ತಿದ್ದ ಕುನಿಯೊ ನನ್ನ ಮೇಲೆ ಬರದಂತೆ ತಪ್ಪಿಸಲು ಹೋಗಿ ಬೇಲಿಗೆ ಗುದ್ದಿಕೊಂಡ. ಅಧ್ಯಕ್ಷರ ಟೋಪಿ ಎರಡು ಕಂಬದಾಚೆ ಸಿಕ್ಕಿತು.

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮುಂದಿನದೇ ಕೊನೆ ಅಭ್ಯಾಸ, ಅತ್ತಿಗೆ" ಎಂದ, ಅಷ್ಟೆ.

ಜನವರಿ 20

ಏನೂ ಮಾಡಲಿಲ್ಲ. ಮಾಡಿನ ಮೇಲಿನ ಹಿಮವನ್ನೂ ಇಳಿಸಲಿಲ್ಲ.

ಜನವರಿ 27

ಯೋಚಿಸಿ ನೋಡಿದೆ. ಖಾರ ಸಾಲುತ್ತಿಲ್ಲ. ಬೇಸಿಗೆಯಲ್ಲಿ ಮಳೆ ಹೆಚ್ಚಾಗಿ ಮೆಣಸಿನಕಾಯಿ ಸಪ್ಪೆ. ಈ ಸಲ ಒಂದೊಂದು ಕಾಲಿಗೆ ಎರಡೆರಡು ಹಾಕಬೇಕು. ಮೇಲೆ ಇನ್ನೊಂದು ಉಣ್ಣೆಯದು.

ಬೆಳಿಗ್ಗೆ ಬುದ್ಧಪೀಠದ ಮುಂದೆ ಅನ್ನ ಇಟ್ಟು ಅವರಿಗೆ ಇದನ್ನೇ ಹೇಳಿದೆ. ಅವರು ಎಂದೂ ನನ್ನ ಮಾತಿಗೆ ಎದುರು ಹೇಳಿದವರಲ್ಲ. ಅಂಥ ಮನುಷ್ಯ ಈ ಊರಲ್ಲಿ ಇನ್ನೊಬ್ಬರಿಲ್ಲ. ಉಳಿದವರೆಲ್ಲ ಬರೀ ಬಾಯಿ.

ಫೆಬ್ರವರಿ 2

ಇವತ್ತು ನಡೆದದ್ದನ್ನು ಬರೆದು ಮುಗಿಸುತ್ತೇನೆ.

ಕೊನೆಯ ಅಭ್ಯಾಸ. ಮೂರು ಜೊತೆ ಕಾಲುಚೀಲ, ನಾಲ್ಕು ಮೆಣಸಿನಕಾಯಿ. ಬೂಟಿನ ಕೊಂಡಿಯನ್ನು ಮೊರಿಯಾ ಮೊಣಕಾಲೂರಿ ಹಾಕಬೇಕಾಯಿತು. ಲಿಫ್ಟಿನಿಂದ ಇಳಿಯುವಾಗಲೇ ಕಾಲುಗಳಿರಲಿಲ್ಲ. ನಿಂತಲ್ಲೇ ಪಕ್ಕಕ್ಕೆ ವಾಲಿದೆ. ಮೊರಿಯಾ ತೋಳು ಹಿಡಿದ.

"ಒಲೆ ಆರಿಹೋಯ್ತಾ ಅತ್ತಿಗೆ? ಬನ್ನಿ ಒಳಗೆ."

ಅವರು ಹೋದ ಮೇಲೆ ಆ ಕಾವಲು ಗುಡಿಸಲಿಗೆ ಕಾಲಿಟ್ಟಿರಲಿಲ್ಲ. ಅದೇ ಸೀಮೆಎಣ್ಣೆ ಒಲೆ, ಅದೇ ಕಪ್ಪು ಪಾತ್ರೆಯಲ್ಲಿ ಮಿಸೊ ಸಾರು. ಮೊರಿಯಾ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಬೂಟು ಎಳೆದ. ಆಮೇಲೆ ಕಾಲುಚೀಲ. ಒಂದು, ಎರಡು, ಮೂರು.

"ಇದೇನ್ ಅತ್ತಿಗೆ, ಕಾಲು ಎಲ್ಲಿದೆ ಇದ್ರಲ್ಲಿ? ಎಲೆಕೋಸು ಬಿಡಿಸಿದ ಹಾಗೆ ಬಿಡಿಸ್ತಾನೇ ಇದೀನಿ!"

ಒಳಗಿನ ಹತ್ತಿಯದು ಹಿಂಡಿದರೆ ನೀರು ಬರುವಂತಿತ್ತು. ಬೆರಳುಗಳು ಮೇಣದಬತ್ತಿಯ ಬಣ್ಣ. ಬಟ್ಟೆಯ ಚೀಲ ನೆಲಕ್ಕೆ ಬಿತ್ತು. ಮೊರಿಯಾ ಎತ್ತಿಕೊಂಡು ಬಿಚ್ಚಿ ನೋಡಿದ. ಅವನ ಮುಖ ಅರಳಿತು.

"ಆಹಾ, ಗಿಡುಗನ ಉಗುರು! ಈ ಚಳಿಗಾಲ ನಮ್ಮ ಸಾರಿಗೆ ಖಾರಾನೇ ಇಲ್ಲ ಅತ್ತಿಗೆ. ಐಸಾಕು ಅಣ್ಣ ಇದ್ದಾಗ ದಿನಾ ಬೆಳಿಗ್ಗೆ ಎರಡು ತಂದು ಪಾತ್ರೆಗೆ ಹಾಕೋರು. ಮನೆಯಾಕೆ ಬೆಳೆದಿದ್ದು, ತಿನ್ನಿ, ಮೈ ಬೆಚ್ಚಗಾಗುತ್ತೆ ಅನ್ನೋರು."

ಅವನ ಕಣ್ಣು ಮೆಣಸಿನಕಾಯಿಯಿಂದ ಆ ಚೀಲಕ್ಕೆ ಹೋಯಿತು, ಚೀಲದಿಂದ ನನ್ನ ಕಾಲಿಗೆ.

"ಅಂದ್ರೆ... ಅದು... ಕಾಲಲ್ಲಿ..."

"ಎಷ್ಟು ವರ್ಷ ತಿಂದ್ರಿ?"

"ತುಂಬಾ ವರ್ಷ" ಎಂದ. ಒಲೆಯ ಹತ್ತಿರ ಕೂತಿದ್ದ ಇನ್ನಿಬ್ಬರು ಕಾವಲಿನವರು ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟರು.

ಅವರು ಸಂಜೆ ಮನೆಗೆ ಬಂದಾಗ ಬಟ್ಟೆಯ ಚೀಲ ಖಾಲಿ ಇರುತ್ತಿತ್ತು. ಸತ್ವ ಹೋದದ್ದನ್ನು ಅಲ್ಲೇ ಎಸೆದೆ ಎನ್ನುತ್ತಿದ್ದರು.

"ಹಾಗಾದ್ರೆ ಕಾಲಿಗೆ ಏನು ಹಾಕ್ಕೋತಿದ್ರು?" ಎಂದು ಕೇಳಿದೆ.

ಮೊರಿಯಾ ಎದ್ದು ಮೂಲೆಯ ಬೀರು ತೆರೆದ. ಯಾರೂ ಅದನ್ನು ಖಾಲಿ ಮಾಡಿರಲಿಲ್ಲ. ಒಳಗೆ ಅವರ ಕೆಂಪು ಅಂಗಿ, ಶಿಳ್ಳೆ, ಅದರಡಿಯಲ್ಲಿ ಬೂದು ಬಣ್ಣದ, ಮೊಣಕಾಲುದ್ದದ ತೆಳ್ಳನೆಯ ಕಾಲುಚೀಲ. ಒಂದೇ ಜೊತೆ. ಹಿಮ್ಮಡಿ ಹರಿದಿತ್ತು. ಮೀನು ಹಿಡಿಯುವ ದಾರದಲ್ಲಿ ಹೊಲಿದಿದ್ದರು. ಎಂಥ ಹೊಲಿಗೆ! ಕೋಳಿ ಕೆದಕಿದ ಹಾಗೆ.

"ಬೆಳಿಗ್ಗೆ ಬಂದು ನಿಮ್ದನ್ನ ಬಿಚ್ಚಿ ಒಲೆ ಪಕ್ಕ ಇಡೋರು. ಸಂಜೆ ಮತ್ತೆ ಅದನ್ನ ಹಾಕ್ಕೊಂಡು ಮನೆಗೆ ಬರೋರು" ಎಂದ ಮೊರಿಯಾ. "ನಾವೆಲ್ಲ ನಗ್ತಿದ್ವಿ. ಅವರು ನಗ್ತಿರಲಿಲ್ಲ."

ಒಣಗಿ ಬರುತ್ತಿದ್ದವು. ಒಲೆಯ ಪಕ್ಕ ಇಟ್ಟರೆ ಯಾವುದು ತಾನೇ ಒಣಗುವುದಿಲ್ಲ.

ಆ ಜೊತೆಯನ್ನು ಜೇಬಿಗೆ ಹಾಕಿಕೊಂಡೆ. ಲಿಫ್ಟಿನಲ್ಲೇ ನನ್ನನ್ನು ಕೆಳಗೆ ಕಳಿಸಿದರು. ಕುನಿಯೊ ಲಿಫ್ಟಿನ ಕೆಳಗೆ ನಿಂತಿದ್ದ. ನನ್ನ ಸ್ಕೀಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡ.

ಫೆಬ್ರವರಿ 3

ಇವತ್ತು ಹುರಿದ ಸೋಯಾ ಕಾಳು ಎರಚಿ ಮನೆಯಿಂದ ದೆವ್ವ ಓಡಿಸುವ ದಿನ. ಸೂತಕದ ಮನೆಯಲ್ಲಿ ಮಾಡುವುದಿಲ್ಲ. ಆದರೂ ಹುರಿದೆ. ಬೆಳಿಗ್ಗೆ ಅನ್ನ ಇಡಲಿಲ್ಲ. ಬುದ್ಧಪೀಠದ ಮುಂದೆ ಕೂತು ಒಂದು ಕಾಳು ತೆಗೆದು ನಿಮ್ಮ ಫೋಟೋಗೆ ಹೊಡೆದೆ. ಗಾಜಿಗೆ ತಗುಲಿ ಟಕ್ಕೆಂದಿತು. ಇನ್ನೊಂದು ಹೊಡೆದೆ.

ಹೇಡಿ. ಹಿಮಕುಸಿತಕ್ಕೆ ಹೆದರದವರು, ಹೆಂಡತಿಗೆ "ಇದು ಬೇಡ" ಎನ್ನಲು ಹೆದರಿದಿರಿ. ಊರ ಗಂಡಸರಿಗೆಲ್ಲ ನನ್ನ ಮೆಣಸಿನಕಾಯಿ ತಿನ್ನಿಸಿದಿರಿ. ನಾನು ಚಿಜುರು ಮುಂದೆ ಎದೆ ಉಬ್ಬಿಸಿ ಆಡಿದ ಮಾತನ್ನು ಈ ಫೋಟೋದಲ್ಲಿ ಕೂತು ಕೇಳಿಸಿಕೊಂಡು ನಗುತ್ತಿದ್ದಿರಿ, ಅಲ್ಲವೇ? ಮತ್ತೆ ಆ ಹೊಲಿಗೆ. ಮನೆಯಲ್ಲಿ ಸೂಜಿ ಹಿಡಿಯುವವಳು ಒಬ್ಬಳಿದ್ದಾಳೆ ಎಂಬ ನೆನಪಾದರೂ ಬೇಡವೇ?

ಕಾಳೆಲ್ಲ ಖರ್ಚಾದ ಮೇಲೆ ಗುಡಿಸಿದೆ. ಪೀಠದ ಕೆಳಗೆ ಹೋದವು ಸಿಗಲಿಲ್ಲ, ಅಲ್ಲೇ ಇರಲಿ. ಆಮೇಲೆ ಹಸಿವಾಯಿತು. ಎರಡು ಬಟ್ಟಲು ಅನ್ನ ತಿಂದೆ.

ಫೆಬ್ರವರಿ 6

ಅವರ ಕಾಲುಚೀಲದ ಮೀನಿನ ದಾರ ಬಿಚ್ಚಿ ಹಿಮ್ಮಡಿಯನ್ನು ಉಣ್ಣೆಯಲ್ಲಿ ಸರಿಯಾಗಿ ಹೊಲಿದೆ. ನನ್ನ ಕಾಲಿಗೆ ಅದು ದೊಡ್ಡದು, ಸುಕ್ಕು ಬೀಳುತ್ತದೆ. ಅಂಗಡಿಗೆ ಹೋದೆ.

ಗೋಡೆಯ ಮುಂದೆ ಇಬ್ಬರು ಪಟ್ಟಣದವರು ಬಿದಿರೋ ರೇಷ್ಮೆಯೋ ಎಂದು ತಲೆ ಕೆಡಿಸಿಕೊಂಡಿದ್ದರು. "ಬಿದಿರು ಚಾಪೆಗೆ" ಎಂದೆ. ಇಬ್ಬರೂ ಜಾಗ ಬಿಟ್ಟರು.

ಚಿಜುರು ನನ್ನನ್ನು ನೋಡಿದವಳೇ ಮೇಜಿನ ಕೆಳಗಿಂದ ಒಂದು ಜೊತೆ ತೆಗೆದಳು. ಅವತ್ತು ತಂದದ್ದೇ. ತೆಗೆದಿಟ್ಟಿದ್ದಳು.

"ಅವರಿಗೆ ಕೊಟ್ಟಿದ್ದು ನೀನೇ" ಎಂದೆ.

"ಹೌದಕ್ಕಾ. ಅಂಗಡಿ ತೆರೆದ ವರ್ಷ. ಮೊದಲನೇ ಗಿರಾಕಿ ಭಾವನೇ."

"ಅವತ್ತು ನಾನು ಅಷ್ಟು ಅಂದ್ರೂ ಬಾಯಿ ಬಿಡಲಿಲ್ಲ."

"ಹೇಳಬೇಡ ಅಂದಿದ್ರು. ಅವಳು ದಿನಾ ಬೆಳಿಗ್ಗೆ ನನಗಿಂತ ಮುಂಚೆ ಎದ್ದು ಒಲೆ ಮುಂದೆ ಕೂತು ಅದನ್ನ ಬೆಚ್ಚಗೆ ಮಾಡ್ತಾಳೆ, ಮನೆಯಿಂದ ಹೊರಡೋವಾಗ ಅದನ್ನ ಹಾಕ್ಕೊಳ್ಳದೇ ಇರೋಕೆ ನನ್ನ ಕೈಲಿ ಆಗಲ್ಲ ಅಂದ್ರು." ಅವಳು ಆ ಜೊತೆಯ ಅಂಚನ್ನು ಎಳೆಯುತ್ತ ನಿಂತಳು. "ಅದೂ ಅಲ್ದೆ, ನೀವು ಅವತ್ತು ತುಂಬಾ ಖುಷಿಯಾಗಿ ಹೇಳ್ತಿದ್ರಿ ಅಕ್ಕಾ. ಅಕ್ಟೋಬರ್ ಆದ್ಮೇಲೆ ನೀವು ಅಷ್ಟು ಮಾತಾಡಿದ್ದು ಅವತ್ತೇ."

ಖುಷಿಯಂತೆ. ಬೈಗುಳಕ್ಕೂ ಖುಷಿಗೂ ವ್ಯತ್ಯಾಸ ಗೊತ್ತಿಲ್ಲ ಇವಳಿಗೆ. ದುಡ್ಡು ಕೊಟ್ಟೆ. ಬೇಡ ಎಂದಳು. ಮೇಜಿನ ಮೇಲೆ ಇಟ್ಟು ಬಂದೆ. ಬರುವಾಗ ಮೂಲಂಗಿ ಉಪ್ಪಿನಕಾಯಿಯ ಡಬ್ಬಿಯನ್ನೂ ಅಲ್ಲೇ ಬಿಟ್ಟೆ. ಒಯ್ದದ್ದನ್ನು ಮತ್ತೆ ಹೊತ್ತು ತರುವುದು ಭಾರ. ಅವರು ಬಿತ್ತಿದ ಮೂಲಂಗಿ ಅದು. ಟೋಕಿಯೊದವರಿಗೆ ರುಚಿ ತಿಳಿಯುವುದಿಲ್ಲ, ಇರಲಿ.

ಫೆಬ್ರವರಿ 8

ಕುನಿಯೊನಿಗೆ ಫೋನ್ ಮಾಡಿ ಇನ್ನೊಂದು ಅವಕಾಶ ಕೇಳಿದೆ. ಅವನ ಹತ್ತಿರ ಏನಾದರೂ ಕೇಳಿದ್ದು ಇದೇ ಮೊದಲು. ಅವನು ಕೆಮ್ಮಲಿಲ್ಲ. "ಮೊರಿಯಾ ಸೈ ಅಂದ್ರೆ ನನ್ನದೂ ಸೈ" ಎಂದ.

ಫೆಬ್ರವರಿ 9

ಮೊರಿಯಾ ಹಿಂದೆ, ನಾನು ಮುಂದೆ. ಒಂದೇ ಜೊತೆ, ತೆಳ್ಳನೆಯದು. ಬೂಟಿನ ಕೊಂಡಿ ಒಂದೇ ಕೈಯಲ್ಲಿ ಬಿತ್ತು. ಎಡ ತಿರುವಿನಲ್ಲಿ ಹೆಬ್ಬೆರಳು ತನ್ನಷ್ಟಕ್ಕೆ ಒತ್ತಿತು. ಕೆಳಗೆ ಹಿಮ ಗಟ್ಟಿ ಇದೆ, ಅದರ ಮೇಲೆ ರಾತ್ರಿ ಬಿದ್ದ ಪುಡಿ ಇದೆ, ಎಲ್ಲ ಗೊತ್ತಾಗುತ್ತಿತ್ತು.

ಬೀಳಲಿಲ್ಲ. ಮೊರಿಯಾ ಸೈ ಎಂದ. ಅವನ ಸೈ ಯಾರಿಗೆ ಬೇಕು, ಆದರೂ.

ಸಾರಿಗೆಂದು ಒಂದು ಹಿಡಿ ಮೆಣಸಿನಕಾಯಿ ಕೊಟ್ಟೆ. "ಕಾಲಲ್ಲಿ ಇಟ್ಟಿದ್ದಲ್ಲ ತಾನೇ?" ಎಂದು ಮೂಸಿ ನೋಡಿದ. ಇಷ್ಟು ವರ್ಷ ತಿಂದವನಿಗೆ ಈಗ ಮೂಗು ಬಂದಿದೆ.

ಫೆಬ್ರವರಿ 15

ಬೆಳಿಗ್ಗೆ ದಟ್ಟ ಮಂಜು, ಸಂಜೆಗೆ ಆಕಾಶ ತೆರವಾಯಿತು. ಮೇಲೆ ಸಾಲಾಗಿ ನಿಂತೆವು. ಕುನಿಯೊ ನನ್ನ ಪಂಜಿಗೆ ಬೆಂಕಿ ಹಚ್ಚಿ, ತನ್ನದನ್ನು ನನ್ನದರಿಂದ ಹಚ್ಚಿಕೊಂಡ. ಹಿಂದಿನವರು ಅವನಿಂದ. "ಮೆಲ್ಲಗೆ, ಅತ್ತಿಗೆ" ಎಂದ. "ನೀನು ಟೋಪಿ ಗಟ್ಟಿಯಾಗಿ ಹಿಡ್ಕೋ" ಎಂದೆ.

ಇಳಿದೆ. ಹಿಂದೆ ಬೆಳಕು ಬರುತ್ತಿದೆ ಎಂದು ಹಿಮದ ಮೇಲಿನ ನನ್ನ ನೆರಳಿನಿಂದ ಗೊತ್ತಾಗುತ್ತಿತ್ತು. ಮುಂದೆ ಯಾರೂ ಇರಲಿಲ್ಲ. ನಿಮಗೆ ಪ್ರತಿ ವರ್ಷ ಹೀಗೇ ಕಾಣುತ್ತಿತ್ತೇ? ಹೇಳಲೇ ಇಲ್ಲ. ಅದನ್ನೂ ಹೇಳಲಿಲ್ಲ.

ಕೆಳಗೆ ಜನ. ಪಂಜನ್ನು ತಲೆಕೆಳಗಾಗಿ ಹಿಮದಲ್ಲಿ ಊರಿದೆ. ಸುಂಯ್ ಎಂದು ಆರಿತು. ನಿಮ್ಮ ಹೆಸರು ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ, ಬೈಯುವಾಗ ಕರೆಯುವ ಹಾಗೆ. ಕೆಲವರು ಬೆಚ್ಚಿದರು. ಚಿಜುರು ಅಳುತ್ತಿದ್ದಳು. ಪಟ್ಟಣದವರು ಎಲ್ಲದಕ್ಕೂ ಅಳುತ್ತಾರೆ. ನನ್ನ ಕರವಸ್ತ್ರ ಕೊಟ್ಟೆ, ಅದು ವಾಪಸ್ ಬರುವುದಿಲ್ಲ.

ಮನೆಗೆ ಬಂದು ಬೂಟು ಬಿಚ್ಚಿದೆ. ಬೆರಳುಗಳು ಬಿಸಿ, ಕೆಂಪಗೆ, ಒಂದೊಂದೂ ಬೇರೆ ಬೇರೆ ಅಲ್ಲಾಡುತ್ತಿದ್ದವು. ಕಾಲುಚೀಲ ಒದ್ದೆಯಾಗಿತ್ತು. ಒಲೆಯ ಮೇಲಿನ ತಂತಿಗೆ ಹಾಕಿದೆ, ನಿಮ್ಮದರ ಪಕ್ಕ. ಈಗ ಕೋಣೆಯಲ್ಲೆಲ್ಲ ಒದ್ದೆ ಉಣ್ಣೆಯ, ಬೆವರಿನ ವಾಸನೆ.

ಎಷ್ಟೋ ವರ್ಷದಿಂದ ಈ ಮನೆಯಲ್ಲಿ ಈ ವಾಸನೆ ಇರಲಿಲ್ಲ. ಇಲ್ಲವೆಂದೇ ನಾನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ, ನೀವು ಆ ವಾಸನೆಯನ್ನೇ ಗುಡಿಸಲಿನಲ್ಲಿ ಬಚ್ಚಿಡುತ್ತಿದ್ದಿರಿ.

ಮೂರ್ಖರು. ಇಬ್ಬರೂ.